ಸ್ವರಗಳ ನಡುವಿನ ದಾರಿ: ಪ್ರಸ್ತಾರದಿಂದ ಜಾಲಾಕೃತಿಯವರೆಗೆ

ಹಿಂದೂಸ್ತಾನಿ ಸಂಗೀತದ ಭೂಪಾಲಿ ಮತ್ತು ದೇಶಕಾರ ರಾಗಗಳಲ್ಲಿ ಬಳಕೆಯಾಗುವ ಸ್ವರಗಳು ಐದೇ: ಷಡ್ಜ, ಶುದ್ಧ ರಿಷಭ, ಶುದ್ಧ ಗಾಂಧಾರ, ಪಂಚಮ ಮತ್ತು ಶುದ್ಧ ಧೈವತ. ಎರಡೂ ರಾಗಗಳಿಗೆ ಇವೇ ಐದು. ಒಂದು ಹೆಚ್ಚಿಲ್ಲ, ಒಂದು ಕಡಿಮೆಯಿಲ್ಲ. ಆದರೂ ಭೂಪಾಲಿ ಸಂಜೆಯ ರಾಗ, ದೇಶಕಾರ ಬೆಳಗಿನದು. ಭೂಪಾಲಿಗೆ ಗಾಂಧಾರ ವಾದಿ, ಧೈವತ ಸಂವಾದಿ. ದೇಶಕಾರದಲ್ಲಿ ಧೈವತವೇ ವಾದಿ, ಗಾಂಧಾರ ಸಂವಾದಿ. ಮೊದಲನೆಯದು ಪೂರ್ವಾಂಗದಲ್ಲಿ ನೆಲೆಸುತ್ತದೆ, ಎರಡನೆಯದು ಉತ್ತರಾಂಗದಲ್ಲಿ ವಿಹರಿಸುತ್ತದೆ. ಸ್ವರಗಳ ಪಟ್ಟಿಯನ್ನು ಮಾತ್ರ ಕೈಯಲ್ಲಿ ಹಿಡಿದವನಿಗೆ ಈ ಎರಡೂ ಒಂದೇ ರಾಗ. ಕಿವಿಯುಳ್ಳವನಿಗೆ ಎರಡು ಲೋಕ. ಹಾಗಾದರೆ ಮಟ್ಟಿನ ಸ್ವರೂಪ ಎಲ್ಲಿದೆ? ಸ್ವರಗಳಲ್ಲಿಯೇ, ಅಥವಾ ಒಂದು ಸ್ವರದಿಂದ ಇನ್ನೊಂದಕ್ಕೆ ಸಾಗುವ ದಾರಿಯಲ್ಲಿಯೇ? ಭಾರತೀಯ ಸಂಗೀತಶಾಸ್ತ್ರ ಈ ಪ್ರಶ್ನೆಯನ್ನು ಬಹು ಹಿಂದೆಯೇ ಎದುರಿಸಿತ್ತು. ಯೂರೋಪಿನ ಗಣಿತ ಬೇರೊಂದು ದಾರಿಯಿಂದ, ಸಂಗೀತವನ್ನು ನೆನೆಯದೆಯೇ, ಅದಕ್ಕೆ ಉತ್ತರ ಹೇಳುವ ಸಾಧನಗಳನ್ನು ಸಿದ್ಧಪಡಿಸಿತು. ಈ ಎರಡು ಧಾರೆಗಳು ಕೂಡುವ ಸ್ಥಳವನ್ನು ಗುರುತಿಸುವುದು ಸಾಹಿತ್ಯದ ಅಭ್ಯಾಸಿಗಳಿಗೂ ಪ್ರಯೋಜನಕರ. ಏಕೆಂದರೆ ಆ ದಾರಿಯ ಮುಖ್ಯ ತಿರುವುಗಳಲ್ಲಿ ಛಂದಸ್ಸೂ ಕಾವ್ಯವೂ ನಿಂತಿವೆ.

ಸಂಗೀತದಲ್ಲಿ ಎಣಿಕೆಯ ಶಾಸ್ತ್ರವನ್ನು ಪೂರ್ಣ ರೂಪದಲ್ಲಿ ನೆಲೆಗೊಳಿಸಿದವನು ಶಾರ್ಙ್ಗದೇವ. ಅವನ ಹಿರಿಯರು ಕಾಶ್ಮೀರದಿಂದ ದಕ್ಷಿಣಕ್ಕೆ ಬಂದವರು. ದೇವಗಿರಿಯ ಯಾದವ ದೊರೆ ಸಿಂಘಣನ ಆಳ್ವಿಕೆಯಲ್ಲಿ, ಹದಿಮೂರನೆಯ ಶತಮಾನದ ಪೂರ್ವಾರ್ಧದಲ್ಲಿ, ಅವನು ಶ್ರೀಕರಣಾಧಿಪತಿಯಾಗಿದ್ದ; ಎಂದರೆ ರಾಜ್ಯದ ಲೆಕ್ಕಪತ್ರಗಳ ಅಧಿಕಾರಿ. ‘ಸಂಗೀತರತ್ನಾಕರ’ದ ಸ್ವರಗತಾಧ್ಯಾಯದಲ್ಲಿ ಆ ಲೆಕ್ಕಿಗನ ಕೈ ಕಾಣುತ್ತದೆ. ಒಂದು ಸ್ವರಕ್ಕೆ ಒಂದೇ ಕ್ರಮ, ಎರಡಕ್ಕೆ 2, ಮೂರಕ್ಕೆ 6, ನಾಲ್ಕಕ್ಕೆ 24, ಐದಕ್ಕೆ 120, ಆರಕ್ಕೆ 720, ಏಳಕ್ಕೆ 5040. ಈ ಕ್ರಮಗಳನ್ನು ನಿಯಮಬದ್ಧವಾಗಿ ಬರೆಯುವ ವಿಧಾನ ಪ್ರಸ್ತಾರ. ಪಟ್ಟಿಯಲ್ಲಿ ಇಂತಿಷ್ಟನೆಯ ತಾನ ಯಾವುದು ಎಂದು ಪಟ್ಟಿಯನ್ನೇ ಬರೆಯದೆ ಹೇಳುವುದು ನಷ್ಟ. ಕೊಟ್ಟ ತಾನ ಎಷ್ಟನೆಯದು ಎಂದು ಹೇಳುವುದು ಉದ್ದಿಷ್ಟ. ಇವೆರಡಕ್ಕೂ ಅವನು ಖಂಡಮೇರು ಎಂಬ ಕೋಷ್ಠಕವನ್ನು ಕೊಟ್ಟಿದ್ದಾನೆ. ಮುಂದೆ ವಿಜಯನಗರದಲ್ಲಿ ಚತುರ ಕಲ್ಲಿನಾಥ ಈ ಗ್ರಂಥಕ್ಕೆ ‘ಕಲಾನಿಧಿ’ ಎಂಬ ವ್ಯಾಖ್ಯಾನ ಬರೆದ.

ಪ್ರಸ್ತಾರ, ನಷ್ಟ, ಉದ್ದಿಷ್ಟ ಎಂಬ ಪದಗಳು ಸಂಗೀತದವಲ್ಲ. ಅವು ಛಂದಶ್ಶಾಸ್ತ್ರದಿಂದ ಬಂದವು. ಪಿಂಗಳನ ಪರಂಪರೆಯಲ್ಲಿ ಗುರುಲಘುಗಳ ಸಾಧ್ಯ ವಿನ್ಯಾಸಗಳನ್ನೆಲ್ಲ ಹರಡಿ ನೋಡುವ ಷಟ್ಪ್ರತ್ಯಯಗಳನ್ನು ಕನ್ನಡದಲ್ಲಿ ನಾಗವರ್ಮನ ‘ಛಂದೋಂಬುಧಿ’ಯೂ ನಿರೂಪಿಸಿದೆ. ಹನ್ನೆರಡನೆಯ ಶತಮಾನದಲ್ಲಿ ಹೇಮಚಂದ್ರಾಚಾರ್ಯರು ಮಾತ್ರಾವೃತ್ತಗಳ ಸಂಖ್ಯೆ 1, 2, 3, 5, 8, 13 ಎಂಬಂತೆ, ಹಿಂದಿನ ಎರಡರ ಮೊತ್ತವಾಗಿ ಬೆಳೆಯುವುದನ್ನು ಹೇಳಿದ್ದರು. ಇನ್ನೂ ಹಿಂದೆ, ಅಮೋಘವರ್ಷ ನೃಪತುಂಗನ ಕಾಲದ ಮಹಾವೀರಾಚಾರ್ಯರು ‘ಗಣಿತಸಾರಸಂಗ್ರಹ’ದಲ್ಲಿ ಹಲವು ವಸ್ತುಗಳಿಂದ ಕೆಲವನ್ನು ಆಯುವ ವಿಧಗಳ ಸಂಖ್ಯೆಗೆ ಸಾಮಾನ್ಯ ಸೂತ್ರ ಕೊಟ್ಟರು. ಷಡ್ಜವನ್ನು ಸ್ಥಿರವಾಗಿಟ್ಟು, ಉಳಿದ ಆರು ಸ್ವರಗಳಲ್ಲಿ ಒಂದನ್ನು ಬಿಟ್ಟರೆ 6 ಷಾಡವಗಳು, ಎರಡನ್ನು ಬಿಟ್ಟರೆ 15 ಔಡವಗಳು ಎಂಬುದು ಆ ಸೂತ್ರದ ನೇರ ಅನ್ವಯ.

ಈ ಎಣಿಕೆಯ ದಾರಿ ತನ್ನ ಶಿಖರವನ್ನು ಮುಟ್ಟಿದ್ದು ಹದಿನೇಳನೆಯ ಶತಮಾನದ ತಂಜಾವೂರಿನಲ್ಲಿ. ನಾಯಕ ಅರಸರ ಮಂತ್ರಿ ಗೋವಿಂದ ದೀಕ್ಷಿತನ ಮಗ ವೆಂಕಟಮಖಿ ‘ಚತುರ್ದಂಡೀಪ್ರಕಾಶಿಕೆ’ಯಲ್ಲಿ ರಿಷಭ-ಗಾಂಧಾರಗಳ 6 ಜೋಡಿ, ಧೈವತ-ನಿಷಾದಗಳ 6 ಜೋಡಿ ಮತ್ತು ಎರಡು ಮಧ್ಯಮಗಳನ್ನು ಗುಣಿಸಿ 72 ಮೇಳಗಳನ್ನು ಕಟ್ಟಿದ. ಒಂದೊಂದು ಮೇಳದಲ್ಲಿಯೂ ಆರೋಹಣಕ್ಕೆ 22 ಮಾದರಿಗಳು: ಸಂಪೂರ್ಣ 1, ಷಾಡವ 6, ಔಡವ 15. ಅವರೋಹಣಕ್ಕೂ ಅಷ್ಟೇ. 22ನ್ನು 22ರಿಂದ ಗುಣಿಸಿ ಮೇಳವೊಂದನ್ನು ಕಳೆದರೆ 483. 72 ಮೇಳಗಳಿಗೆ 34,776 ಜನ್ಯರಾಗಗಳು. ಆದರೆ ವೆಂಕಟಮಖಿ ತನ್ನ ಕಾಲದಲ್ಲಿ ಬಳಕೆಯಲ್ಲಿದ್ದವೆಂದು ವಿವರಿಸಿದ ಮೇಳಗಳು 19 ಮಾತ್ರ. ಸಾಧ್ಯವಾದುದಕ್ಕೂ ಸಂಭವಿಸಿದುದಕ್ಕೂ ನಡುವಿನ ಅಂತರವನ್ನು ಈ ಅಂಕಿಗಳೇ ಹೇಳುತ್ತವೆ. ಪ್ರಸ್ತಾರ ಸಾಧ್ಯತೆಗಳ ಶಾಸ್ತ್ರ. ಹಾಡಿದ ಮಟ್ಟು ಆ ಸಾಧ್ಯತೆಗಳಲ್ಲಿ ಹೇಗೆ ನಡೆಯಿತು ಎಂಬುದನ್ನು ಅದು ಹೇಳುವುದಿಲ್ಲ. ಕೂಟತಾನದಲ್ಲಿ ಪ್ರತಿ ಸ್ವರವೂ ಒಮ್ಮೆ ಮಾತ್ರ ಬರುತ್ತದೆ; ಮಟ್ಟಾದರೋ ಬಿಟ್ಟ ಸ್ವರಕ್ಕೆ ಮತ್ತೆ ಮತ್ತೆ ಮರಳುತ್ತದೆ.

ನಡೆಯ ವಿಚಾರವನ್ನು ಶಾಸ್ತ್ರ ಮರೆತಿತ್ತೆಂದು ಇದರ ಅರ್ಥವಲ್ಲ. ಜಾತಿ ಮತ್ತು ರಾಗಗಳಿಗೆ ಹೇಳಿದ ದಶಲಕ್ಷಣಗಳಲ್ಲಿ ಗ್ರಹ ಎಂದರೆ ಆರಂಭದ ಸ್ವರ, ನ್ಯಾಸ ಎಂದರೆ ಮುಕ್ತಾಯದ ಸ್ವರ. ಇವುಗಳ ಜೊತೆಗೆ ಬರುವ ಅಲ್ಪತ್ವ-ಬಹುತ್ವಗಳ ವಿವರಣೆ ಗಮನಾರ್ಹವಾದುದು. ಅಲ್ಪತ್ವ ಎರಡು ಬಗೆ: ಅನಭ್ಯಾಸ, ಎಂದರೆ ಸ್ವರವನ್ನು ಮತ್ತೆ ಮತ್ತೆ ಹಿಡಿಯದಿರುವುದು, ಲಂಘನ, ಎಂದರೆ ಅದನ್ನು ಹಾರಿ ಮುಂದಕ್ಕೆ ಹೋಗುವುದು. ಬಹುತ್ವವೂ ಹಾಗೆಯೇ ಅಭ್ಯಾಸ, ಅಲಂಘನ ಎಂದು ಎರಡು. ಒಂದು ಬಗೆ ಸ್ವರದ ಎಣಿಕೆಗೆ ಸೇರಿದ್ದು, ಇನ್ನೊಂದು ದಾರಿಗೆ ಸೇರಿದ್ದು. ಬಿಂದುವಿನ ತೂಕ ಬೇರೆ, ಬಿಂದುಗಳ ನಡುವಣ ಸಂಚಾರ ಬೇರೆ ಎಂಬ ವಿವೇಕ ಇಲ್ಲಿ ಸ್ಪಷ್ಟವಾಗಿದೆ. ಈ ವಿವೇಕಕ್ಕೆ ಒದಗದಿದ್ದುದು ಅಳತೆಗೋಲು ಮಾತ್ರ.

ಆ ಅಳತೆಗೋಲಿನ ಆರಂಭ ಒಂದು ಊರಿನ ಸೇತುವೆಗಳಲ್ಲಿದೆ. ಪ್ರಷ್ಯದ ಕ್ಯೋನಿಗ್ಸ್‌ಬರ್ಗ್ ನಗರವನ್ನು ಪ್ರೆಗೆಲ್ ನದಿ ನಾಲ್ಕು ಭೂಭಾಗಗಳಾಗಿ ಸೀಳಿತ್ತು; ಅವುಗಳನ್ನು ಏಳು ಸೇತುವೆಗಳು ಬೆಸೆದಿದ್ದವು. ಯಾವ ಸೇತುವೆಯನ್ನೂ ಎರಡು ಬಾರಿ ದಾಟದೆ ಏಳನ್ನೂ ದಾಟಿ ಬರಬಹುದೇ ಎಂಬುದು ಊರಿನವರ ಒಗಟು. ಲಿಯೊನಾರ್ಡ್ ಆಯ್ಲರ್ 1735ರಲ್ಲಿ ಸೇಂಟ್ ಪೀಟರ್ಸ್‌ಬರ್ಗ್ ಅಕಾಡೆಮಿಯ ಮುಂದೆ ಇದಕ್ಕೆ ಉತ್ತರವಿತ್ತ. ಅವನು ಭೂಭಾಗಗಳಿಗೆ ಒಂದೊಂದು ಅಕ್ಷರ ಕೊಟ್ಟು, ನಡಿಗೆಯನ್ನು ಅಕ್ಷರಗಳ ಸಾಲಾಗಿ ಬರೆದ. ಏಳು ಸೇತುವೆ ದಾಟಿದರೆ ಸಾಲಿನಲ್ಲಿ ಎಂಟು ಅಕ್ಷರಗಳಿರಬೇಕು. ಆದರೆ ಒಂದು ಭೂಭಾಗಕ್ಕೆ 5, ಉಳಿದ ಮೂರಕ್ಕೆ ತಲಾ 3 ಸೇತುವೆಗಳಿದ್ದುದರಿಂದ ಅಂಥ ಸಾಲು ಅಸಾಧ್ಯವೆಂದು ತೋರಿಸಿದ. ಬೆಸ ಸಂಖ್ಯೆಯ ಸೇತುವೆಗಳುಳ್ಳ ಭೂಭಾಗಗಳು ಎರಡಕ್ಕಿಂತ ಹೆಚ್ಚಿದ್ದರೆ ನಡಿಗೆ ಸಾಗದು. ಗ್ರಾಫ್ ಸಿದ್ಧಾಂತದ ಹುಟ್ಟು ಇದು. ಭೂಭಾಗ ಸಂಪಾತಬಿಂದುವಾಯಿತು, ಸೇತುವೆ ಕಂಸವಾಯಿತು, ನಗರ ಜಾಲಾಕೃತಿಯಾಯಿತು. ಇದೇ ಆಯ್ಲರ್ 1739ರಲ್ಲಿ ಸಂಗೀತದ ಮೇಲೊಂದು ಗ್ರಂಥ ಪ್ರಕಟಿಸಿ, ಸ್ವರಗಳನ್ನು ಅವುಗಳ ಅಂತರಗಳಿಗೆ ಅನುಗುಣವಾಗಿ ಜಾಲದಂತೆ ಜೋಡಿಸಿದ. ಆದರೆ ಆ ಚಿತ್ರದಲ್ಲಿರುವುದು ಸ್ವರಗಳ ಬಾಂಧವ್ಯ, ಮಟ್ಟಿನ ನಡೆಯಲ್ಲ.

ಆಯ್ಲರ್ ನಡಿಗೆಯನ್ನು ಅಕ್ಷರಗಳ ಸಾಲು ಮಾಡಿದ; ಅಕ್ಷರಗಳ ಸಾಲನ್ನು ನಡಿಗೆಯಾಗಿ ಕಾಣುವುದು ಅದರ ಪ್ರತಿಕ್ರಿಯೆ. ಕನ್ನಡ ಛಂದಸ್ಸಿನ ವಿದ್ಯಾರ್ಥಿಗಳೆಲ್ಲರೂ ಬಲ್ಲ ‘ಯಮಾತಾರಾಜಭಾನಸಲಗಂ’ ಇದಕ್ಕೆ ಸೊಗಸಾದ ನಿದರ್ಶನ. ಹತ್ತು ಅಕ್ಷರಗಳ ಈ ಸೂತ್ರದಲ್ಲಿ ಯಾವ ಅಕ್ಷರದಿಂದ ಮೂರನ್ನು ಎಣಿಸಿದರೂ ಆ ಅಕ್ಷರದ ಹೆಸರಿನ ಗಣ ದೊರೆಯುತ್ತದೆ. ಎಂಟು ಗಣಗಳೂ ಒಂದೊಂದೇ ಬಾರಿ ಬರುತ್ತವೆ. ಲಘು-ಲಘು, ಲಘು-ಗುರು, ಗುರು-ಲಘು, ಗುರು-ಗುರು ಎಂಬ ನಾಲ್ಕು ಜೋಡಿಗಳನ್ನು ನಾಲ್ಕು ಬಿಂದುಗಳೆಂದು ಬಗೆದರೆ, ಒಂದೊಂದು ಗಣವೂ ಒಂದು ಜೋಡಿಯಿಂದ ಇನ್ನೊಂದಕ್ಕೆ ಒಯ್ಯುವ ಕಂಸ. ಪ್ರತಿ ಬಿಂದುವಿಗೂ ಎರಡು ಕಂಸ ಬರುತ್ತವೆ, ಎರಡು ಹೊರಡುತ್ತವೆ. ಸೂತ್ರವು ‘ಯಮಾ’ ಎಂಬ ಲಘು-ಗುರುವಿನಿಂದ ಹೊರಟು, ಎಂಟು ಕಂಸಗಳನ್ನೂ ಒಮ್ಮೊಮ್ಮೆ ದಾಟಿ, ‘ಲಗಂ’ ಎಂಬ ಲಘು-ಗುರುವಿನಲ್ಲಿಯೇ ನಿಲ್ಲುತ್ತದೆ. ಕ್ಯೋನಿಗ್ಸ್‌ಬರ್ಗಿನಲ್ಲಿ ಅಸಾಧ್ಯವಾದ ನಡಿಗೆ ಗಣಗಳ ನಗರದಲ್ಲಿ ಪೂರ್ಣಗೊಂಡಿದೆ.

ಬಿಂದುಕಂಸಗಳಿಗೆ ಅಂಕಿಗಳನ್ನು ತುಂಬಿದ ಮುಂದಿನ ಹೆಜ್ಜೆಯೂ ಕಾವ್ಯದಿಂದಲೇ ಬಂತು. ರಷ್ಯದ ಗಣಿತಜ್ಞ ಆಂದ್ರೇ ಮಾರ್ಕೊವ್ 1913ರಲ್ಲಿ ಪುಷ್ಕಿನ್ನನ ‘ಯೆವ್ಗೇನಿ ಒನೇಗಿನ್’ ಪದ್ಯಕಾದಂಬರಿಯ ಮೊದಲ 20,000 ಅಕ್ಷರಗಳನ್ನು ಕೈಯಿಂದಲೇ ಎಣಿಸಿ ಅಕಾಡೆಮಿಯ ಮುಂದೆ ವರದಿಯಿತ್ತ. ಸ್ವರಾಕ್ಷರಗಳು 8,638, ವ್ಯಂಜನಗಳು 11,362. ಆದರೆ ಅವನ ಆಸಕ್ತಿ ಈ ಮೊತ್ತಗಳಲ್ಲಿರದೆ ನಂಟಿನಲ್ಲಿತ್ತು. ಸ್ವರಾಕ್ಷರದ ಬಳಿಕ ಮತ್ತೆ ಸ್ವರಾಕ್ಷರ ಬರುವ ಸಂಭವನೀಯತೆ 0.128, ವ್ಯಂಜನದ ಬಳಿಕ ಸ್ವರಾಕ್ಷರ ಬರುವ ಸಂಭವನೀಯತೆ 0.663. ಒಂದು ಅಕ್ಷರ ಮುಂದಿನ ಅಕ್ಷರವನ್ನು ನಿರ್ಧರಿಸದಿದ್ದರೂ ಅದರ ಕಡೆಗೆ ಒಲಿಸುತ್ತದೆ. ಈ ಅಂಕಿಗಳನ್ನು ಸಾಲು-ಕಂಬಗಳಲ್ಲಿ ಬರೆದರೆ ಮಾತೃಕೆಯಾಗುತ್ತದೆ. ಜಾಲಾಕೃತಿ ರೇಖೀಯ ಬೀಜಗಣಿತದ ವಸ್ತುವಾಗುವುದು ಇಲ್ಲಿಯೇ. 1948ರಲ್ಲಿ ಕ್ಲಾಡ್ ಶಾನನ್ ಇದೇ ವಿಚಾರವನ್ನು ಸಂವಹನ ಸಿದ್ಧಾಂತದ ತಳಹದಿಯಾಗಿಸಿದ. 1956ರಲ್ಲಿ ರಿಚರ್ಡ್ ಪಿಂಕರ್ಟನ್ 39 ಶಿಶುಗೀತೆಗಳ ಮಟ್ಟುಗಳಲ್ಲಿ ಯಾವ ಸ್ವರದ ಬಳಿಕ ಯಾವುದು ಎಷ್ಟು ಬಾರಿ ಬರುತ್ತದೆಂದು ಎಣಿಸಿದ. ಅದೇ ಸುಮಾರಿಗೆ ಇಲಿನಾಯ್ ವಿಶ್ವವಿದ್ಯಾಲಯದಲ್ಲಿ ಲೆಜಾರೆನ್ ಹಿಲ್ಲರ್ ಮತ್ತು ಲೆನರ್ಡ್ ಐಸಾಕ್‌ಸನ್ ಗಣಕಯಂತ್ರದಿಂದ ರಚಿಸಿದ ‘ಇಲಿಯಾಕ್ ಸ್ವೀಟ್’ ಎಂಬ ತಂತಿವಾದ್ಯ ಕೃತಿಯ ನಾಲ್ಕನೆಯ ಭಾಗಕ್ಕೆ ಮಾರ್ಕೊವ್ ಸರಪಳಿಗಳೇ ಆಧಾರವಾದುವು.

ಈ ವಿಧಾನವನ್ನು ಅರಿಯಲು ಮೂರು ಸ್ವರಗಳ ಪುಟ್ಟ ಮಾದರಿ ಸಾಕು. ‘ಸ ರಿ ಗ ರಿ ಸ ರಿ ಗ ರಿ ಗ ರಿ ಸ’ ಎಂಬ ಹನ್ನೊಂದು ಸ್ವರಗಳ ಸಾಲನ್ನು ತೆಗೆದುಕೊಳ್ಳಬಹುದು. ಇದರಲ್ಲಿ ಹತ್ತು ನಡೆಗಳಿವೆ: ಸ-ಯಿಂದ ರಿ-ಗೆ 2, ರಿ-ಯಿಂದ ಗ-ಗೆ 3, ಗ-ದಿಂದ ರಿ-ಗೆ 3, ರಿ-ಯಿಂದ ಸ-ಗೆ 2. ಮಾತೃಕೆಯ ಷಡ್ಜದ ಸಾಲು 0, 2, 0. ರಿಷಭದ ಸಾಲು 2, 0, 3. ಗಾಂಧಾರದ ಸಾಲು 0, 3, 0. ಒಂದೊಂದು ನಡೆಯನ್ನೂ ಒಂದು ಸೇತುವೆಯೆಂದು ಭಾವಿಸಿದರೆ, ಮಟ್ಟು ತಾನೇ ಕಟ್ಟಿದ ಸೇತುವೆಗಳನ್ನು ಒಮ್ಮೊಮ್ಮೆ ದಾಟಿ ಮುಗಿಸಿದ ನಡಿಗೆ. ಪ್ರತಿಯೊಂದು ಮಟ್ಟೂ ತನ್ನದೇ ಜಾಲಾಕೃತಿಯಲ್ಲಿ ಆಯ್ಲರನ ಒಗಟಿಗೆ ಒಂದು ಪರಿಹಾರ.

ಮಾತೃಕೆಯನ್ನು ಮೊತ್ತಗಳಿಂದ ಭಾಗಿಸಿ ಸಂಭವನೀಯತೆಗಳಾಗಿ ಮಾಡಿದಾಗ, ದೀರ್ಘಕಾಲದಲ್ಲಿ ನಡಿಗೆ ಎಲ್ಲೆಲ್ಲಿ ಎಷ್ಟು ನಿಲ್ಲುತ್ತದೆ ಎಂಬುದನ್ನು ಅದರ ಐಗನ್ ಸದಿಶ ಹೇಳುತ್ತದೆ. ಮೇಲಿನ ಮಾದರಿಗೆ ಅದು ಷಡ್ಜಕ್ಕೆ 0.2, ರಿಷಭಕ್ಕೆ 0.5, ಗಾಂಧಾರಕ್ಕೆ 0.3. ಇದನ್ನು ರಾಗದ ಅಂಶಸ್ವರದ ಗಣಿತರೂಪವೆಂದು ಸಾರುವ ಆಸೆ ಸಹಜ. ಆದರೆ ಹತ್ತು ನಡೆಗಳಲ್ಲಿ ಷಡ್ಜದಿಂದ 2, ರಿಷಭದಿಂದ 5, ಗಾಂಧಾರದಿಂದ 3 ಹೊರಟಿವೆ. ಸದಿಶ ಹೇಳಿದ್ದು ಬರಿಯ ಎಣಿಕೆಯನ್ನೇ. ಹೊರಟ ಸ್ವರಕ್ಕೇ ಮರಳುವ ಯಾವ ಮಟ್ಟಿಗೂ ಈ ಫಲ ಅನಿವಾರ್ಯ. ಹಿರಿದಾದ ಹೆಸರು ಹೊತ್ತ ಸಾಧನವೊಂದು ಅಭ್ಯಾಸ-ಅನಭ್ಯಾಸಗಳಾಚೆ ಹೋಗಲಿಲ್ಲ. ಹೊಸ ತಿಳಿವು ಬರುವುದು ಸದಿಶದಿಂದಲ್ಲ, ಕಂಸಗಳಿಂದ.

ಕರ್ನಾಟಕ ಸಂಗೀತದ ಶಂಕರಾಭರಣ ಮತ್ತು ಬಿಲಹರಿ ಇದಕ್ಕೆ ಸಾಕ್ಷಿ. ಅನ್ಯಸ್ವರವಾಗಿ ಇಣುಕುವ ಕೈಶಿಕಿ ನಿಷಾದವನ್ನು ಬದಿಗಿಟ್ಟರೆ ಬಿಲಹರಿಯ ಏಳು ಸ್ವರಗಳು ಶಂಕರಾಭರಣದವೇ. ಆರೋಹಣ-ಅವರೋಹಣಗಳನ್ನು ಜಾಲಾಕೃತಿಯಾಗಿಸಿ, ಮೇಲಿನ ಷಡ್ಜವನ್ನು ಕೆಳಗಿನದರೊಡನೆ ಕೂಡಿಸಿದರೆ ಶಂಕರಾಭರಣಕ್ಕೆ 14 ಕಂಸಗಳು, ಬಿಲಹರಿಗೆ 12. ಹತ್ತು ಎರಡಕ್ಕೂ ಸಮಾನ. ಏರುವಾಗ ಗಾಂಧಾರದಿಂದ ಮಧ್ಯಮಕ್ಕೆ, ಮಧ್ಯಮದಿಂದ ಪಂಚಮಕ್ಕೆ, ಧೈವತದಿಂದ ನಿಷಾದಕ್ಕೆ, ನಿಷಾದದಿಂದ ಷಡ್ಜಕ್ಕೆ ಇರುವ ನಾಲ್ಕು ದಾರಿಗಳು ಬಿಲಹರಿಯಲ್ಲಿಲ್ಲ. ಬದಲಾಗಿ ಗಾಂಧಾರದಿಂದ ಪಂಚಮಕ್ಕೂ ಧೈವತದಿಂದ ಷಡ್ಜಕ್ಕೂ ಎರಡು ಹೊಸ ದಾರಿಗಳಿವೆ. ಶಂಕರಾಭರಣದ ಮಾತೃಕೆಯಲ್ಲಿ ಸಾಲುಗಳನ್ನು ಕಂಬಗಳಾಗಿ ತಿರುಗಿಸಿದರೂ ಅದು ಬದಲಾಗದು; ಬಿಲಹರಿಯದು ಬದಲಾಗುತ್ತದೆ. ಹೋದ ದಾರಿಯಲ್ಲೇ ಮರಳದಿರುವುದು ಬಿಲಹರಿಯ ಗುಣ, ಅದು ಮಾತೃಕೆಯ ಅಸಮತೆಯಾಗಿ ಕಣ್ಣಿಗೆ ಬೀಳುತ್ತದೆ. ಶಾಸ್ತ್ರ ಲಂಘನವೆಂದುದು ಇಲ್ಲಿ ಎಣಿಸಬಲ್ಲ ಸಂಗತಿಯಾಗಿದೆ.

ಹಾಗಾದರೆ ಜಾಲಾಕೃತಿ ದೊರೆತರೆ ಮಟ್ಟು ದೊರೆತಂತೆಯೇ? ಗಣಿತ ತನ್ನ ಮಿತಿಯನ್ನು ತಾನೇ ಅಳೆಯುವುದು ಈ ಪ್ರಶ್ನೆಯಲ್ಲಿ. ಮೇಲಿನ ಪುಟ್ಟ ಸಾಲಿನಲ್ಲಿ ಷಡ್ಜ 3, ರಿಷಭ 5, ಗಾಂಧಾರ 3 ಬಾರಿ ಬಂದಿವೆ. ಷಡ್ಜದಲ್ಲಿ ಮೊದಲಾಗಿ ಷಡ್ಜದಲ್ಲಿ ಮುಗಿಯಬೇಕೆಂಬ ನಿಯಮದೊಡನೆ ಈ ಎಣಿಕೆಯಷ್ಟೇ ತಿಳಿದಿದ್ದರೆ 504 ಸಾಲುಗಳು ಸಾಧ್ಯ. ನಡೆಗಳ ಮಾತೃಕೆಯೂ ತಿಳಿದರೆ ಎಷ್ಟು ಉಳಿಯುತ್ತವೆ? ಸ್ಮಿತ್ ಮತ್ತು ಟಟ್ 1941ರಲ್ಲಿ, ವಾನ್ ಆರ್ಡೆನ್-ಎರೆನ್‌ಫೆಸ್ಟ್ ಮತ್ತು ಡಿ ಬ್ರೂಯಿನ್ 1951ರಲ್ಲಿ ರೂಪಿಸಿದ ಪ್ರಮೇಯ ಇದಕ್ಕೆ ಉತ್ತರ ಕೊಡುತ್ತದೆ. ಪ್ರತಿ ಸ್ವರದಿಂದ ಹೊರಡುವ ನಡೆಗಳ ಮೊತ್ತವನ್ನು ಕರ್ಣದಲ್ಲಿಟ್ಟು, ಅದರಿಂದ ಮಾತೃಕೆಯನ್ನು ಕಳೆದು, ಷಡ್ಜದ ಸಾಲು-ಕಂಬಗಳನ್ನು ತೆಗೆದುಹಾಕಿದರೆ 5, −3, −3, 3 ಉಳಿಯುತ್ತವೆ. ಅದರ ನಿರ್ಧಾರಕ 15−9, ಎಂದರೆ 6. ಪ್ರತಿ ಸ್ವರದ ನಿರ್ಗಮಗಳಲ್ಲಿ ಒಂದನ್ನು ಕಳೆದು ಉಳಿದುದರ ಕ್ರಮಸಂಖ್ಯೆಗಳು 1, 24, 2. ಇವನ್ನೆಲ್ಲ ಗುಣಿಸಿ, ಷಡ್ಜದಿಂದ ಹೊರಡುವ ಎರಡು ಅವಕಾಶಗಳಿಂದಲೂ ಗುಣಿಸಿದರೆ 576. ಒಂದೇ ಬಗೆಯ ನಡೆಗಳ ಅದಲುಬದಲಿನಿಂದಾದ 144 ಪಟ್ಟು ಪುನರುಕ್ತಿಯನ್ನು ಭಾಗಿಸಿದರೆ ಉಳಿಯುವುದು 4. ಶಾರ್ಙ್ಗದೇವನ ಪ್ರಸ್ತಾರಕ್ಕೂ ಆಯ್ಲರನ ಸೇತುವೆಗಳಿಗೂ ಮಾತೃಕೆಗಳ ಬೀಜಗಣಿತಕ್ಕೂ ಇಲ್ಲಿ ಭೇಟಿಯಾಗಿದೆ: ಪ್ರಶ್ನೆ ಪ್ರಸ್ತಾರದ್ದು, ವಸ್ತು ಜಾಲಾಕೃತಿಯದು, ಉತ್ತರ ನಿರ್ಧಾರಕದ್ದು.

ಆ ನಾಲ್ಕರಲ್ಲಿ ಮಟ್ಟನ್ನು ಆಯಲು ಒಂದು ಹೆಜ್ಜೆಯ ನೆನಪು ಸಾಲದು. ರಾಗಗಳ ವಕ್ರಸಂಚಾರಗಳಲ್ಲಿ ಇದು ಎದ್ದು ಕಾಣುತ್ತದೆ. ‘ಸ ಗ ರಿ ಗ ಮ’ ಎಂದು ಏರುವ ರೀತಿಗೌಳದಲ್ಲಿ ಗಾಂಧಾರದ ಮುಂದೆ ರಿಷಭವೋ ಮಧ್ಯಮವೋ ಎಂಬುದು ಆ ಗಾಂಧಾರಕ್ಕೆ ಎಲ್ಲಿಂದ ಬಂದದ್ದು ಎಂಬುದರ ಮೇಲೆ ನಿಂತಿದೆ. ಒಂದೇ ಹೆಜ್ಜೆ ನೆನೆಯುವ ಜಾಲಾಕೃತಿ ‘ರಿ ಗ ರಿ ಗ’ ಎಂದು ಕೊನೆಯಿಲ್ಲದೆ ಸುತ್ತಬಲ್ಲದು. ಇದಕ್ಕೆ ಪರಿಹಾರ ಯಮಾತಾರಾಜ ಸೂತ್ರದ್ದೇ: ಒಂಟಿ ಸ್ವರದ ಬದಲು ಸ್ವರಗಳ ಜೋಡಿಯನ್ನು ಬಿಂದುವಾಗಿಸುವುದು. ಮಾದರಿಯ ಸಾಲಿಗೆ ಹೀಗೆ ಮಾಡಿದರೆ ನಾಲ್ಕು ಎರಡಕ್ಕಿಳಿಯುತ್ತದೆ. ನೆನಪನ್ನು ಇನ್ನಷ್ಟು ಹಿಗ್ಗಿಸುತ್ತ ಹೋದರೆ ಕೊನೆಗೆ ಒಂದೇ ಉಳಿಯುತ್ತದೆ. ಆದರೆ ಆಗ ಜಾಲಾಕೃತಿ ಮಟ್ಟಿನ ಲಕ್ಷಣ ಹೇಳುವ ಬದಲು ಮಟ್ಟನ್ನೇ ನಕಲು ಮಾಡಿರುತ್ತದೆ. ಲಕ್ಷಣಕ್ಕೂ ಲಕ್ಷ್ಯಕ್ಕೂ ನಡುವಿನ ಎಲ್ಲೆ ಎಲ್ಲಿರಬೇಕೆಂಬುದು ಗಣಿತದ ಪ್ರಶ್ನೆಯಲ್ಲ. ಶಾರ್ಙ್ಗದೇವ ಸ್ಥಾಯವನ್ನು ರಾಗದ ಅವಯವವೆಂದು ಕರೆದಾಗ, ಜೈನ ಸಂಗೀತಶಾಸ್ತ್ರಕಾರ ಪಾರ್ಶ್ವದೇವ ‘ಸಂಗೀತಸಮಯಸಾರ’ದಲ್ಲಿ ಅದನ್ನೇ ಠಾಯವೆಂದು ವಿಸ್ತರಿಸಿದಾಗ, ಅವರು ಆ ಎಲ್ಲೆಯನ್ನು ಸ್ವರದಲ್ಲಿಯೂ ಇಡಲಿಲ್ಲ, ಇಡೀ ಕೃತಿಯಲ್ಲಿಯೂ ಇಡಲಿಲ್ಲ, ಕಿವಿ ಒಂದಾಗಿ ಹಿಡಿಯಬಲ್ಲ ಸ್ವರಗುಚ್ಛದಲ್ಲಿಟ್ಟರು.

ಜಾಲಾಕೃತಿಗೆ ಒಗ್ಗದ ಇನ್ನೊಂದು ಅಂಶವೂ ಉಂಟು. ಬಿಂದುವೆಂದರೆ ಸ್ಥಿರವಾದ ಸ್ವರ. ಗಮಕದಲ್ಲಿ ಸ್ವರ ಸ್ಥಿರವಲ್ಲ. ತೋಡಿಯ ಗಾಂಧಾರ ಅಕ್ಕಪಕ್ಕದ ಸ್ಥಾನಗಳನ್ನು ಮುಟ್ಟುತ್ತ ತೂಗುತ್ತದೆ. ಅದನ್ನು ‘ಗ’ ಎಂಬ ಒಂದಕ್ಷರಕ್ಕೆ ಇಳಿಸಿದ ಕ್ಷಣದಲ್ಲಿಯೇ ರಾಗದ ಬಹುಪಾಲು ಕೈತಪ್ಪುತ್ತದೆ. ಈ ನಷ್ಟವನ್ನು ತರುವುದು ಮಾತೃಕೆಯಲ್ಲ, ಅದಕ್ಕೆ ಮೊದಲೇ ನಡೆಯುವ ಸ್ವರಲಿಪಿ. ಹಸ್ತಪ್ರತಿಯಿಂದ ಪಾಠವನ್ನು ಸಂಪಾದಿಸುವವರಿಗೆ ಈ ಎಚ್ಚರ ಪರಿಚಿತವಾದುದೇ.

ಕೊನೆಯಲ್ಲಿ ಉಳಿದ ಆ ಎರಡು ಸಾಲುಗಳನ್ನು ನೋಡಬೇಕು. ಒಂದು ಮೇಲೆ ಕೊಟ್ಟದ್ದು: ಮೊದಲು ‘ಸ ರಿ ಗ ರಿ ಸ’ ಎಂಬ ಕಿರಿಯ ಸಂಚಾರ, ಆಮೇಲೆ ‘ಸ ರಿ ಗ ರಿ ಗ ರಿ ಸ’ ಎಂಬ ಹಿರಿಯದು. ಇನ್ನೊಂದರಲ್ಲಿ ಹಿರಿಯದು ಮೊದಲು, ಕಿರಿಯದು ಆಮೇಲೆ. ಸ್ವರಗಳೂ ಅವೇ, ಎಣಿಕೆಯೂ ಅದೇ, ನಡೆಗಳೂ ಅವೇ, ಜೋಡಿಗಳ ನಡೆಗಳೂ ಅವೇ. 504ರಿಂದ ನಾಲ್ಕಕ್ಕೆ, ನಾಲ್ಕರಿಂದ ಎರಡಕ್ಕೆ ಗಣಿತ ಕೈಹಿಡಿದು ನಡೆಸಿ ಇಲ್ಲಿ ನಿಲ್ಲುತ್ತದೆ. ಮೊದಲು ಕಿರಿದನ್ನು ಹಾಡಿ ಬಳಿಕ ಹಿಗ್ಗಿಸಬೇಕೋ, ಮೊದಲು ಹಿಗ್ಗಿಸಿ ಬಳಿಕ ಕುಗ್ಗಿಸಬೇಕೋ ಎಂಬ ಆಯ್ಕೆ ಉಳಿಯುತ್ತದೆ. ಆಲಾಪನೆ ಮಾಡುವವರು ಮತ್ತೆ ಮತ್ತೆ ಮಾಡುವ ಆಯ್ಕೆ ಅದು.